ಗೊರಬು, ಗಜನಿ ಹಲಗೆ, ಬಚ್ಚಲ ಒಲೆ: ಕುಮಟಾ ಕಡೆಯ ಒಂದು ಮನೆ ರಿಪೇರಿ

ಮನೆ ಇರುವುದು ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಹೊಳೆ ಸಮುದ್ರ ಸೇರುವ ಜಾಗಕ್ಕೆ ಹತ್ತಿರ. ತೊಂಬತ್ತರ ದಶಕದಲ್ಲಿ ಕಟ್ಟಿದ್ದು. ಚಿರೆಕಲ್ಲಿನ ಗೋಡೆ, ಸಿಮೆಂಟ್ ಗಿಲಾವು, ಮೇಲೆ ಆರ್‌ಸಿಸಿ ಸ್ಲಾಬ್. ಮುಂದೆ ಪಶ್ಚಿಮಕ್ಕೆ ತೆರೆದ ಜಗುಲಿ. ಈಗ ಅಲ್ಲಿ ಇರುವವರು ಇಬ್ಬರೇ. ಶಾಲೆಯಿಂದ ನಿವೃತ್ತರಾದ ಅಕ್ಕೋರು, ಮತ್ತು ಅವರ ಯಜಮಾನರು. ಮಗ, ಸೊಸೆ ಬೆಂಗಳೂರಿನಲ್ಲಿ. ರಜೆಗೆ ಬರುವಾಗ ಈಗಷ್ಟೇ ನಡೆಯಲು ಕಲಿತ ಮೊಮ್ಮಗುವೂ ಬರುತ್ತದೆ.

ಕರಾವಳಿಯ ಎಷ್ಟೋ ಸ್ಲಾಬ್ ಮನೆಗಳಂತೆ ಇದಕ್ಕೂ ಮೇಲೆ ಶೀಟ್ ಹಾಕಿಸಿ ಆಗಿದೆ. ಹಾಗಾಗಿ ಸೋರುವ ಚಿಂತೆ ಇಲ್ಲ. ಕೆಲಸ ಇದ್ದದ್ದು ಒಳಗೆ. ಮಗನ ಮಾತಿನಲ್ಲಿ ಹೇಳುವುದಾದರೆ "ಇಂಟೀರಿಯರ್".

ನನ್ನ ಕೈಗೆ ಬಂದದ್ದು ಎರಡು ಪಟ್ಟಿ. ಒಂದು ಮಗನದು, ವಾಟ್ಸ್ಆ್ಯಪ್‌ನಲ್ಲಿ. ಎಲ್ಲಾ ಪಿಂಟರೆಸ್ಟ್ ಚಿತ್ರಗಳು. ಹಾಲ್‌ನ ಸೀಲಿಂಗ್‌ಗೆ ಇಳಿಬಿಟ್ಟ ಮೀನಿನ ಬಲೆ, ಚಿಪ್ಪು ಅಂಟಿಸಿದ ಗೋಡೆ, ಅರ್ಧ ಕತ್ತರಿಸಿದ ದೋಣಿಯ ಶೆಲ್ಫ್, ಬುಟ್ಟಿಯೊಳಗೆ ಬಲ್ಬು. ಕೆಳಗೆ ಒಂದು ಸಾಲು: "ನಮ್ಮೂರಿನ ದಿನಬಳಕೆಯ ವಸ್ತುಗಳಿಂದಲೇ ಸ್ಫೂರ್ತಿ ಬರಬೇಕು." ಇನ್ನೊಂದು ಪಟ್ಟಿ ಅಕ್ಕೋರದು. ಹಳೇ ಹಾಜರಿ ಪುಸ್ತಕದ ಖಾಲಿ ಹಾಳೆಯಲ್ಲಿ, ಬೋರ್ಡಿನ ಮೇಲೆ ಬರೆದಷ್ಟು ದುಂಡಗೆ. ಮಳೆ ಬಂದರೆ ಜಗುಲಿಯಲ್ಲಿ ಕೂರಲು ಆಗುವುದಿಲ್ಲ. ಪಶ್ಚಿಮದ ಕಿಟಕಿ ಜೂನ್‌ನಲ್ಲಿ ಮುಚ್ಚಿದರೆ ತೆರೆಯುವುದು ದಸರೆಗೆ. ಕಪಾಟಿನ ಸೀರೆಗೆ ಬೂಷ್ಟು. ಮಗು ಮೆಟ್ಟಿಲಿನಿಂದ ಬಿದ್ದೀತೆಂಬ ಭಯ.

ಮಗನ ಆಸೆಯಲ್ಲಿ ತಪ್ಪೇನಿಲ್ಲ. ದಿನಬಳಕೆಯ ವಸ್ತುವಿನಿಂದ ವಿನ್ಯಾಸ ಕಲಿಯುವುದು ದೊಡ್ಡ ದೊಡ್ಡವರು ಮಾಡಿರುವ ಕೆಲಸವೇ. ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ 1958ರಲ್ಲಿ ಭಾರತ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಇಲ್ಲಿ ನೋಡಿ ಮೆಚ್ಚಿದ ವಸ್ತುಗಳಲ್ಲೆಲ್ಲ ಅವರು ಎತ್ತಿ ಹಿಡಿದದ್ದು ನಮ್ಮ ತಂಬಿಗೆಯನ್ನು. ಹಾಗಂತ ತಂಬಿಗೆ ಚಂದ ಎಂದು ಹೇಳಿ ಸುಮ್ಮನಾಗಲಿಲ್ಲ. ಎಷ್ಟು ನೀರು ಹಿಡಿಯಬೇಕು, ತಲೆ ಮೇಲೆ ಹೊರುವುದೋ ಸೊಂಟದ ಮೇಲೋ, ತುಂಬಿದಾಗ ಭಾರ ಎಲ್ಲಿ ನಿಲ್ಲುತ್ತದೆ, ಖಾಲಿ ಇದ್ದಾಗ ಎಲ್ಲಿ, ಬಗ್ಗಿಸಿ ಸುರಿಯುವಾಗ ತೂಕ ಹೇಗೆ ಹೊರಳುತ್ತದೆ, ತೊಳೆಯಲು ಒಳಗೆ ಕೈ ಹೋಗುತ್ತದಾ ಎಂದು ಸಾಲಾಗಿ ಪ್ರಶ್ನೆ ಹಾಕಿದರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಶುರುವಾದದ್ದು ಈ ವರದಿಯ ಹಿಂದೆಯೇ.

ನನಗೆ ಬೇಕಾದದ್ದು ಆ ಪ್ರಶ್ನೆಗಳು. ಮಗನ ಚಿತ್ರಗಳಲ್ಲಿ ಬಲೆ ಇತ್ತು, ಆದರೆ ಬಲೆಯ ಕೆಲಸ ಇರಲಿಲ್ಲ. ದೋಣಿ ಇತ್ತು, ತೇಲುವುದನ್ನು ಬಿಟ್ಟಿತ್ತು. ಹಾಗಾಗಿ ಒಂದು ಕರಾರು ಮಾಡಿಕೊಂಡೆವು. ಈ ಮನೆಯಲ್ಲಿ, ಕೊಟ್ಟಿಗೆಯಲ್ಲಿ, ಗದ್ದೆಯಲ್ಲಿ ಇರುವ ವಸ್ತುಗಳಿಂದಲೇ ವಿಚಾರ ತೆಗೆದುಕೊಳ್ಳುವುದು. ಆದರೆ ತೆಗೆದುಕೊಳ್ಳುವುದು ಅದು ಮಾಡುವ ಕೆಲಸವನ್ನು. ರೂಪ ತಾನಾಗಿ ಬಂದರೆ ಬರಲಿ.

ಕಿಟಕಿ ಮತ್ತು ಗೊರಬು

ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜೊತೆಗೆ ನೈರುತ್ಯದ ಗಾಳಿ. ಹೊಳೆಬಾಯಿಯ ಬಯಲಿನಲ್ಲಿ ಆ ಗಾಳಿಗೆ ಅಡ್ಡ ಏನೂ ಇಲ್ಲ. ಮಳೆ ಇಲ್ಲಿ ಬೀಳುವುದಿಲ್ಲ, ಬಡಿಯುತ್ತದೆ. ಆದರೆ ಕಿಟಕಿಯ ಮೇಲೆ ಇದ್ದದ್ದು ಒಂದೂವರೆ ಅಡಿಯ ಚಪ್ಪಟೆ ಸನ್‌ಶೇಡ್. ಮಳೆ ನೆಟ್ಟಗೆ ಬೀಳುತ್ತದೆ ಎಂದುಕೊಂಡು ಹಾಕಿದ್ದು. ಕಿಟಕಿಯ ಕೆಳಗಿನ ಮುಕ್ಕಾಲು ಭಾಗಕ್ಕೆ ಅದರಿಂದ ಏನೂ ಪ್ರಯೋಜನ ಇಲ್ಲ.

ಕೊಟ್ಟಿಗೆಯ ಗಳುವಿನಲ್ಲಿ ಒಂದು ಹಳೇ ಗೊರಬು ನೇತಾಡುತ್ತಿತ್ತು. ಪ್ಲಾಸ್ಟಿಕ್ ಬಂದ ಮೇಲೆ ಗದ್ದೆಯಲ್ಲಿ ಗೊರಬು ಕಾಣುವುದು ಅಪರೂಪ. ಕಾಣದವರಿಗಾಗಿ ಹೇಳುತ್ತೇನೆ. ನಾಟಿ ಮಾಡುವ ಹೆಂಗಸರು ತಲೆಗೆ ಸಿಕ್ಕಿಸಿಕೊಂಡು ಬೆನ್ನ ಮೇಲೆ ಇಳಿಬಿಡುವ ಮಳೆ ಮರೆ ಇದು. ಬಿದಿರಿನ ಸಲಾಕೆಯ ಎರಡು ಪದರ, ನಡುವೆ ಒಣ ಎಲೆ. ಅಕ್ಕೋರು ಅದನ್ನು ಇಳಿಸಿ, ಧೂಳು ಕೊಡವಿ, ಹಾಕಿಕೊಂಡೇ ತೋರಿಸಿದರು. ಬಗ್ಗಿ ನಿಂತಾಗ ಬೆನ್ನು ಪೂರ್ತಿ ಮುಚ್ಚುತ್ತದೆ. ಎರಡೂ ಪಕ್ಕ ಮಡಚಿಕೊಂಡಿದೆ, ಹಾಗಾಗಿ ಅಡ್ಡ ಮಳೆಯೂ ತಾಗದು. ಮುಂದೆ, ಕೆಳಗೆ ಪೂರ್ತಿ ತೆರೆದಿದೆ. ಕೈ ಎರಡೂ ಖಾಲಿ. ಮುಖಕ್ಕೆ ಗಾಳಿ ಬರುತ್ತದೆ. ಕೊಡೆ ಹಿಡಿದು ನಾಟಿ ಮಾಡಲು ಆಗುತ್ತಾ? ರೇನ್‌ಕೋಟ್ ಹಾಕಿದರೆ ಒಳಗೆ ಬೆವರು. ಇದು ಎರಡೂ ತೊಂದರೆ ಕಳೆದಿದೆ.

ನಮ್ಮ ಕಿಟಕಿಗೂ ಬೇಕಾದದ್ದು ಇಷ್ಟೇ. ಮೇಲಿನಿಂದ, ಎರಡೂ ಪಕ್ಕದಿಂದ ಮರೆ. ಕೆಳಗಿನಿಂದ ಗಾಳಿ. ಹಳೇ ಸನ್‌ಶೇಡಿನ ಅಂಚಿನಿಂದ ಇಳಿಜಾರಾಗಿ ಎರಡೂವರೆ ಅಡಿ ಹೊರಗೆ ಬಂದು, ಕಿಟಕಿಯ ಅರ್ಧ ಎತ್ತರದ ತನಕ ಇಳಿಯುವ ಮರೆಯೊಂದನ್ನು ಬರೆದೆ. ಪಕ್ಕ ಎರಡೂ ಬಂದ್, ತಳ ತೆರೆದಿದೆ. ಗಾಳಿ ಕೆಳಗಿನಿಂದ ಏರಿ ಒಳಗೆ ಬರುತ್ತದೆ, ನೀರು ಏರುವುದಿಲ್ಲ.

ಮರೆಗೆ ಬಳಸಿದ್ದು ಜಿಐ ಪೈಪಿನ, ಅಂದರೆ ಸತು ಲೇಪಿಸಿದ ಕಬ್ಬಿಣದ ಚೌಕಟ್ಟು. ಸಾದಾ ಕಬ್ಬಿಣ ಅಗ್ಗ, ಆದರೆ ಉಪ್ಪು ಗಾಳಿಯಲ್ಲಿ ಅದರ ಬಣ್ಣದ ಕೆಳಗೇ ತುಕ್ಕು ಶುರುವಾಗುತ್ತದೆ. ಮೇಲೆ ಶೀಟ್ ಹಾಕಬೇಕು. ಬರೀ ಶೀಟ್ ಹಾಕಿದರೆ ಜುಲೈನಲ್ಲಿ ಆ ಕೋಣೆಯಲ್ಲಿ ಮಾತು ಕೇಳುವುದಿಲ್ಲ, ಏಪ್ರಿಲ್‌ನಲ್ಲಿ ಶೀಟಿನ ಝಳ ಕಿಟಕಿಯಿಂದ ಒಳಗೆ. ಅದಕ್ಕೂ ಉತ್ತರ ಗೊರಬಿನಲ್ಲೇ ಇತ್ತು. ಅದರಲ್ಲಿ ನೀರು ತಡೆಯುವುದು ಎಲೆ, ಆಕಾರ ಹಿಡಿಯುವುದು ಬಿದಿರು, ಒಂದರ ಕೆಲಸ ಇನ್ನೊಂದಕ್ಕೆ ಇಲ್ಲ. ನಾವೂ ಪದರ ಮಾಡಿದೆವು. ಮೇಲೆ ಶೀಟ್, ನಡುವೆ ಎರಡು ಇಂಚು ಖಾಲಿ ಜಾಗ, ಕೆಳಗೆ ಬಿದಿರಿನ ತಟ್ಟಿ. ತಟ್ಟಿಯ ಬಿದಿರನ್ನು ಮೊದಲು ನೀರಿನಲ್ಲಿ ಮುಳುಗಿಸಿ ಇಟ್ಟಿದ್ದೆವು. ನೆನೆದರೆ ಬಿದಿರಿನೊಳಗಿನ ಗಂಜಿ ಕರಗಿ ಹೋಗುತ್ತದೆ. ಕೊರೆಯುವ ಹುಳು ಬರುವುದು ಆ ಗಂಜಿಗಾಗಿಯೇ. ಕೆರೆಯಲ್ಲಿ ಬಿದಿರು ಹೂಳುವ ಹಳಬರ ರೂಢಿಯ ಹಿಂದಿನ ಕಾರಣ ಇದು.

ಗೊರಬಿನ ಬಾಗು ಮಾತ್ರ ನಾವು ತೆಗೆದುಕೊಳ್ಳಲಿಲ್ಲ. ಗೊರಬು ಬಾಗಿರುವುದು ಮನುಷ್ಯರ ಬೆನ್ನು ಬಾಗಿರುವುದರಿಂದ. ಕಿಟಕಿಗೆ ಬೆನ್ನಿಲ್ಲ. ಪೈಪ್ ಬಗ್ಗಿಸಲು ಹೆಚ್ಚಿನ ದುಡ್ಡು, ಬಾಗಿದ ಮೈಗೆ ಶೀಟ್ ಕೂರಿಸುವುದು ಇನ್ನೂ ಕಷ್ಟ. ನೆಟ್ಟಗೇ ಮಾಡಿದೆವು.

ಫೋಟೋ ನೋಡಿದ ಮಗ ಫೋನ್ ಮಾಡಿದ. "ಇದು ಗೊರಬಿನ ಹಾಗೆ ಕಾಣಲ್ವಲ್ಲಾ?"

ಅಕ್ಕೋರು ಫೋನ್ ಸ್ಪೀಕರಿಗೆ ಹಾಕಿ ಹೇಳಿದರು, "ಕಾಣೂದೆಂತಕ್ಕೋ? ನಾಟಿ ಮಾಡೂಕೆ ಹೊರಟದ್ದಾ ಕಿಟಕಿ?"

ಕೋಣೆಯ ಬೆಳಕು ಸ್ವಲ್ಪ ಕಡಿಮೆ ಆಯಿತು, ಅದನ್ನು ಮುಚ್ಚಿಡುವಂತಿಲ್ಲ. ನಿಂತವರಿಗೆ ಈಗ ಆಕಾಶ ಕಾಣುವುದಿಲ್ಲ. ಕೂತರೆ ತುಳಸಿಕಟ್ಟೆ, ಗೇಟು, ಗೇಟಿನಲ್ಲಿ ಬಂದವರ ಕಾಲು ಕಾಣುತ್ತವೆ. ಪಶ್ಚಿಮದ ಎರಡು ಕಿಟಕಿಗೆ ಮಾತ್ರ ಈ ಮರೆ ಹಾಕಿ, ಉತ್ತರದ್ದನ್ನು ಹಾಗೇ ಬಿಟ್ಟೆವು.

ಜಗುಲಿಯ ಹಲಗೆ

ಜಗುಲಿಯ ತೊಂದರೆ ಎರಚಲು. ಕಂಬ ಇದೆ, ಕಂಬಗಳ ನಡುವೆ ಏನೂ ಇಲ್ಲ. ಊರಲ್ಲಿ ಇದಕ್ಕೆ ಮೂರು ಮದ್ದು ಚಾಲ್ತಿಯಲ್ಲಿವೆ. ಮಡಲಿನ ತಟ್ಟಿ ಕಟ್ಟುವುದು, ನೀಲಿ ತಾಡಪಾಲು ಇಳಿಬಿಡುವುದು, ಅಥವಾ ಅಲ್ಯೂಮಿನಿಯಂ ಸ್ಲೈಡಿಂಗ್ ಹಾಕಿಸಿ ಪೂರ್ತಿ ಮುಚ್ಚುವುದು. ತಟ್ಟಿ ಒಳ್ಳೆಯದೇ, ಆದರೆ ವರ್ಷ ವರ್ಷ ಹೆಣೆದು ಕಟ್ಟಿಕೊಡುವವರು ಈಗ ಸಿಗುವುದಿಲ್ಲ. ತಾಡಪಾಲು ಕಟ್ಟಿದರೆ ಕತ್ತಲೆ, ಗಾಳಿಗೆ ಪಟಪಟ ಸದ್ದು. ಸ್ಲೈಡಿಂಗ್ ಹಾಕಿದರೆ ಜಗುಲಿ ಹೋಗಿ ಇನ್ನೊಂದು ಸೆಕೆಯ ಕೋಣೆ ಆಗುತ್ತದೆ. ನನ್ನ ಕೇಳಿದರೆ ಕರಾವಳಿಯಲ್ಲಿ ಮನೆ ಕೆಡುತ್ತಿರುವುದೇ ಈ ಸ್ಲೈಡಿಂಗ್‌ನಿಂದ.

ಇಲ್ಲಿ ದಾರಿ ತೋರಿಸಿದ್ದು ಯಜಮಾನರು. ಅವರ ಮನೆತನಕ್ಕೆ ಗಜನಿ ಗದ್ದೆ ಇತ್ತು. ಹೊಳೆಬಾಯಿಯ ತಗ್ಗು ಭೂಮಿ ಅದು. ಭರತದಲ್ಲಿ ಉಪ್ಪುನೀರು ಏರುತ್ತದೆ, ಇಳಿತದಲ್ಲಿ ಹೋಗುತ್ತದೆ. ಮಳೆಗಾಲದಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ, ಆಮೇಲೆ ಸಿಗಡಿ, ಮೀನು. ಏರಿಯಲ್ಲಿ ಬಾಯಿ ಬಿಟ್ಟು, ಎರಡೂ ಬದಿಗೆ ಸೀಳು ಮಾಡಿ, ಅದರಲ್ಲಿ ಅಡ್ಡ ಹಲಗೆಗಳನ್ನು ಒಂದರ ಮೇಲೆ ಒಂದು ಇಳಿಸುತ್ತಾರೆ. "ನೀರು ಎಷ್ಟು ಬೇಕೋ ನೋಡಿ ಹಲಗೆ ಹಾಕೂದು, ತೆಗೆಯೂದು. ಬಾಗಿಲು ಅಂದ್ರೆ ತೆಗೀಬೇಕು, ಇಲ್ಲಾ ಹಾಕಬೇಕು. ಹಲಗೆ ಹಂಗಲ್ಲ" ಅಂದರು.

ನನ್ನ ತಲೆಯಲ್ಲಿ ಇದ್ದದ್ದು ಪೇಟೆಯ ಹಳೇ ಅಂಗಡಿಗಳ ಹಲಗೆ ಬಾಗಿಲು. ಅದೂ ಸೀಳಿನಲ್ಲಿ ಜಾರುವ ಹಲಗೆಯೇ, ಒಂದೊಂದಕ್ಕೆ ನಂಬರ್ ಬರೆದಿರುತ್ತಾರೆ. ಆದರೆ ಅಲ್ಲಿ ಹಲಗೆ ಉದ್ದುದ್ದ ನಿಲ್ಲುತ್ತದೆ. ಅರ್ಧ ಹಾಕಿದರೆ ಅರ್ಧ ಅಗಲ ಮುಚ್ಚುತ್ತದೆ, ಉಳಿದರ್ಧದಿಂದ ಎರಚಲು ಒಳಗೆ. ಗಜನಿಯ ಹಲಗೆ ಅಡ್ಡ ಮಲಗುತ್ತದೆ. ಅರ್ಧ ಹಾಕಿದರೆ ಕೆಳಗಿನ ಅರ್ಧ ಮುಚ್ಚಿ, ಮೇಲಿಂದ ಗಾಳಿ ಬೆಳಕು ಬರುತ್ತದೆ. ಕೂತವರಿಗೆ ಎರಚಲು ತಾಗುವುದು ಮೊಣಕಾಲಿನಿಂದ ಎದೆಯ ತನಕ. ಅಷ್ಟು ಮುಚ್ಚಿದರೆ ಸಾಮಾನ್ಯ ಮಳೆಗೆ ಸಾಕು. ಗಾಳಿ ಜೋರಾದ ದಿನ ಇನ್ನೆರಡು ಹಲಗೆ.

ಕಂಬಗಳಿಗೆ ಮರದ ಪಟ್ಟಿ ಹೊಡೆದು ಗ್ರೂವ್ ಮಾಡಿದೆವು. ಹಲಗೆ ಹಲಸಿನದು, ಮನೆಯ ಹಿಂದೆ ಬಿದ್ದಿದ್ದ ಮರದ್ದೇ. ಅಗಲ ಎಷ್ಟಿರಬೇಕು ಎಂಬುದನ್ನು ನಿರ್ಧರಿಸಿದ್ದು ಅಕ್ಕೋರ ತೋಳು. ಹನ್ನೆರಡು ಇಂಚು ಅಗಲ ಮಾಡಿದರೆ ಹಲಗೆ ಕಡಿಮೆ ಸಾಕು, ನೋಡಲೂ ಚಂದ. ಆದರೆ ಎದೆ ಎತ್ತರಕ್ಕೆ ಎತ್ತಿ ಎರಡೂ ಸೀಳಿಗೆ ಒಟ್ಟಿಗೆ ಕೂರಿಸುವುದು ವಯಸ್ಸಾದವರ ಕೈಲಿ ಆಗುವುದಿಲ್ಲ. ಎಂಟು ಇಂಚು ಅಗಲ, ಒಂದು ಇಂಚು ದಪ್ಪ, ಆರಡಿ ಉದ್ದ ಎಂದು ಮಾಡಿದಾಗ ಒಂದೊಂದು ಹಲಗೆ ಸುಮಾರು ಆರು ಕಿಲೋ ಬಂತು. ಅಕ್ಕೋರು ಎತ್ತಿ ನೋಡಿ "ಇದು ಅಡ್ಡಿಲ್ಲೆ ತಮಾ" ಅಂದ ಮೇಲೆ ಉಳಿದವನ್ನು ಕೊಯ್ಯಿಸಿದ್ದು.

ಆಚಾರಿ ಇದರಲ್ಲಿ ಎರಡು ವಿಷಯ ಸೇರಿಸಿದರು. ಒಂದು, ಹಲಗೆ ಮಳೆಗೆ ಉಬ್ಬುತ್ತದೆ. ಗಜನಿಯಲ್ಲಿ ಉಬ್ಬಿ ಬಿಗಿಯಾದರೆ ಒಳ್ಳೆಯದು, ನೀರು ನಿಲ್ಲುತ್ತದೆ. ಇಲ್ಲಿ ಬಿಗಿಯಾದರೆ ಹಲಗೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಗ್ರೂವ್ ಕಾಲು ಇಂಚು ಸಡಿಲ. ಎರಡು, ಹಲಗೆಯ ಮೇಲಂಚು ಕೆಳಂಚು ಎರಡನ್ನೂ ಹೊರಗೆ ಓರೆ ಕೆತ್ತಿದರು, ಸಂದಿಯಲ್ಲಿ ನಿಂತ ನೀರು ಹೊರಗೇ ಇಳಿಯುವ ಹಾಗೆ. ಎಲ್ಲಕ್ಕಿಂತ ಕೆಳಗಿನ ಹಲಗೆ ನೆಲದಿಂದ ಒಂದು ಇಂಚು ಮೇಲೆ ನಿಲ್ಲುತ್ತದೆ. ಒಳಗೆ ಬಂದ ಚೂರುಪಾರು ನೀರು ಹೊರಗೆ ಹೋಗಲು ದಾರಿ ಬೇಕಲ್ಲ.

ಈ ಇಡೀ ಕೆಲಸದಲ್ಲಿ ಒಂದೇ ಒಂದು ಬಿಜಾಗರಿ ಇಲ್ಲ, ಚಿಲಕ ಇಲ್ಲ. ಸಮುದ್ರದ ಹತ್ತಿರದ ಮನೆಯಲ್ಲಿ ಮೊದಲು ಕೆಡುವುದು ಅವೇ. ಬೇಸಿಗೆಯಲ್ಲಿ ಹಲಗೆ ತೆಗೆದು ಎರಡು ಚಿರೆಕಲ್ಲಿನ ಕಟ್ಟೆಯ ಮೇಲೆ ಒಟ್ಟಿಡುತ್ತಾರೆ. ಅದೇ ಕೂರುವ ಬೆಂಚು.

ಸೀರೆಯ ಕಪಾಟು

ಹಳೇ ಕಪಾಟು ಇದ್ದದ್ದು ಪಶ್ಚಿಮದ ಹೊರಗೋಡೆಗೆ ಒತ್ತಿ. ಪ್ಲೈವುಡ್ಡಿನ ಡಬ್ಬಿ, ಗಾಳಿಗೆ ದಾರಿ ಇಲ್ಲ. ಗೋಡೆ ತಣ್ಣಗೆ, ಒಳಗಿನ ಗಾಳಿ ಒದ್ದೆ. ಬೂಷ್ಟಿಗೆ ಇನ್ನೇನು ಬೇಕು? ಅಂಗಡಿಯವರು ಕೊಡುವುದು ನುಸಿಗುಳಿಗೆ. ಅದು ಹುಳಕ್ಕೆ ಮದ್ದು, ಬೂಷ್ಟಿಗಲ್ಲ.

ಹಳೇ ಮನೆಗಳಲ್ಲಿ ಒಲೆಯ ಮೇಲೆ ಹೊಗೆ ಅಟ್ಟ ಇರುತ್ತಿತ್ತು. ತೆಂಗಿನಕಾಯಿ, ಮುರುಗಲು ಸಿಪ್ಪೆ, ಬಿತ್ತನೆ ಬೀಜ ಎಲ್ಲಾ ಅಲ್ಲಿ. ಬಿದಿರಿನ ಅಥವಾ ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರದ ಪಟ್ಟಿ) ತಳ, ಸಂದಿಯಿಂದ ಬಿಸಿ ಮೇಲೇರುತ್ತಿತ್ತು. ಈಗ ಅಡುಗೆ ಗ್ಯಾಸಿನಲ್ಲಿ. ಆದರೆ ನಮ್ಮ ಜಿಲ್ಲೆಯಲ್ಲಿ ಒಂದು ಒಲೆ ಇನ್ನೂ ಆರಿಲ್ಲ: ಬಚ್ಚಲ ಒಲೆ. ಮಳೆಗಾಲದಲ್ಲಿ ತೆಂಗಿನ ಸಿಪ್ಪೆ, ಮಡಲು ಹಾಕಿ ಹಂಡೆ ಕಾಯಿಸುತ್ತಾರೆ. ಒಣಗದ ಬಟ್ಟೆ ಅದರ ಮೇಲಿನ ಹಗ್ಗಕ್ಕೆ ಹೋಗುತ್ತದೆ. ಪ್ಯಾಂಟಿಗೆ ಹೊಗೆ ವಾಸನೆ ಹೊತ್ತು ಶಾಲೆಗೆ ಹೋಗದ ಮಕ್ಕಳು ಈ ಕಡೆ ಕಡಿಮೆ.

ಹಾಗಾಗಿ ಕಪಾಟನ್ನು ಹೊರಗೋಡೆಯಿಂದ ತೆಗೆದು ಬಚ್ಚಲ ಗೋಡೆಯ ಈಚೆ ಬದಿಗೆ ತಂದೆವು. ಒಲೆ ಉರಿದಾಗ ಆ ಗೋಡೆ ಬೆಚ್ಚಗಾಗುತ್ತದೆ, ಒಲೆ ಆರಿದ ಮೇಲೂ ಬಹಳ ಹೊತ್ತು ಹಾಗೇ ಇರುತ್ತದೆ. ಕಪಾಟಿಗೆ ಹಿಂಬದಿ ಹಲಗೆ ಇಲ್ಲ, ಗೋಡೆಯಿಂದ ಎರಡು ಇಂಚು ದೂರ. ಶೆಲ್ಫ್ ಎಲ್ಲಾ ಅಡಿಕೆ ದಬ್ಬೆ, ಅರ್ಧ ಬೆರಳಿನ ಸಂದಿ ಬಿಟ್ಟು ಜೋಡಿಸಿದ್ದು. ಬೆಚ್ಚನೆಯ ಗಾಳಿ ಕೆಳಗಿನಿಂದ ಮೇಲೆ ಹೋಗಿ ಬಾಗಿಲಿನ ಮೇಲಿನ ಸಂದಿಯಿಂದ ಆಚೆ ಬರುತ್ತದೆ. ಬಚ್ಚಲಿನ ಹೊಗೆ ಕೊಳವೆಯನ್ನು ಎತ್ತರಿಸಿದೆವು, ಇಲ್ಲದಿದ್ದರೆ ಮದುವೆಗೆ ಹೊರಟ ಸೀರೆಗೂ ಅದೇ ವಾಸನೆ.

ದಬ್ಬೆಯನ್ನು ಎಷ್ಟೇ ಉಜ್ಜಿದರೂ ನಾರು ಏಳುತ್ತದೆ. ರೇಷ್ಮೆ ಸೀರೆ ಇಡುವ ಶೆಲ್ಫಿಗೆ ಹಳೇ ಪಂಚೆ ಹಾಸಬೇಕಾಯಿತು.

ಮಗನ ಬಲೆ

ಬಲೆ ಸೀಲಿಂಗ್‌ಗೆ ಹೋಗಲಿಲ್ಲ. ಹೆದ್ದಾರಿ ಬದಿಯ ಹೋಟೆಲುಗಳಲ್ಲಿ ಅದನ್ನು ಸಾಕಷ್ಟು ನೋಡಿದ್ದೇವೆ, ಅಲ್ವಾ? ಧೂಳು, ಜೇಡ, ಸತ್ತ ನೊಣ. ಬಲೆಯ ಕೆಲಸ ಸಣ್ಣದನ್ನು ಬಿಟ್ಟು ದೊಡ್ಡದನ್ನು ತಡೆಯುವುದು. ಈ ಮನೆಯಲ್ಲಿ ತಡೆಯಬೇಕಾದದ್ದು ಮೊಮ್ಮಗು. ಮೆಟ್ಟಿಲಿನ ಕಂಬಿಗಳ ನಡುವೆ ಸಂದಿ ಜಾಸ್ತಿ ಇತ್ತು. ಅದಕ್ಕೆ ನೈಲಾನ್ ಬಲೆ ಬಿಗಿದೆವು. ಬಲೆಗೆ ಕಣ್ಣು ಎಷ್ಟು ದೊಡ್ಡದಿರಬೇಕು ಎಂದು ಕೇಳಿದ್ದು ಹೆಣೆಯುವವರೇ. ಅವರಿಗೆ ಮೀನು ಬದಲಾದರೆ ಕಣ್ಣೂ ಬದಲು. ಮಗುವಿನ ಕಾಲ ಹೆಬ್ಬೆರಳು ತೂರಬಾರದು, ತೂರಿದರೆ ಅದು ಏಣಿ ಆಗುತ್ತದೆ. ಆ ಲೆಕ್ಕದಲ್ಲಿ ಸಣ್ಣ ಕಣ್ಣಿನದು ಹಾಕಿದರು. ಹರಿದರೆ ತೇಪೆ ಹಾಕಲು ಪಕ್ಕದ ಕೇರಿಯಲ್ಲೇ ಜನ ಇದ್ದಾರೆ. ಗಾಜಿನ ರೇಲಿಂಗ್ ಒಡೆದರೆ ಯಾರನ್ನು ಕರೆಯುವುದು?

ಚಿಪ್ಪಿನ ಗೋಡೆ ಬೇಡ ಎಂದದ್ದಕ್ಕೆ ಕಾರಣ ಬೇರೆ. ಸಮುದ್ರದ ಚಿಪ್ಪಿನಲ್ಲಿ ಉಪ್ಪು ಉಳಿದಿರುತ್ತದೆ, ಉಪ್ಪು ತೇವ ಎಳೆಯುತ್ತದೆ, ಗೋಡೆ ಕಲೆ ಕಟ್ಟುತ್ತದೆ. ಚಿಪ್ಪನ್ನು ಸುಟ್ಟರೆ ಮಾತ್ರ ಗೋಡೆಗೆ ಉಪಯೋಗ. ಕಪಾಟು ತೆಗೆದ ಜಾಗದಲ್ಲಿ ಹಳೇ ಪೇಂಟ್ ಕೆರೆದು ಚಿಪ್ಪು ಸುಣ್ಣ ಬಳಿದೆವು. ಪ್ಲಾಸ್ಟಿಕ್ ಪೇಂಟಿನ ಮೇಲೆ ಸುಣ್ಣ ಹಿಡಿಯುವುದಿಲ್ಲ, ಕೆರೆಯಲೇಬೇಕು. ಹಾಗಾಗಿ ಇಡೀ ಮನೆಗೆ ಮಾಡಲಿಲ್ಲ. ಸಿರ್ಸಿ ಮಾರಿಕಾಂಬೆ ಗುಡಿಯ ಕಾವಿ ಚಿತ್ರದ್ದೊಂದು ವಾಲ್‌ಪೇಪರ್ ಕೂಡ ಮಗನ ಪಟ್ಟಿಯಲ್ಲಿತ್ತು. ಕಾವಿ ಅಂದರೆ ಸುಣ್ಣದ ಗಾರೆಯ ಮೇಲೆ ಕೆಂಪು ಪದರ ಬಳಿದು, ಹಸಿ ಇರುವಾಗಲೇ ಕೆರೆದು ಒಳಗಿನ ಬಿಳಿ ಕಾಣಿಸುವುದು. ಅದು ಗೋಡೆಯೇ ಆಗಿರುತ್ತದೆ. ಅದರ ಫೋಟೋ ಅಂಟಿಸಿದರೆ ಒಂದು ಮಳೆಗಾಲಕ್ಕೆ ಮೂಲೆ ಬಿಟ್ಟುಕೊಳ್ಳುತ್ತದೆ. ಅರ್ಧ ದೋಣಿಯ ವಿಷಯ ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಒಂದು ಮಳೆಗಾಲದ ಮೇಲೆ

ಕಿಟಕಿ ಜುಲೈ ಪೂರ್ತಿ ತೆರೆದೇ ಇತ್ತು. ಗಾಳಿ ತಿರುಗಿದ ಕೆಲವು ರಾತ್ರಿ ಮಾತ್ರ ಮುಚ್ಚಿದರಂತೆ. ಶೀಟಿಗೂ ತಟ್ಟಿಗೂ ನಡುವಿನ ಖಾಲಿ ಜಾಗದಲ್ಲಿ ಕಣಜ ಗೂಡು ಕಟ್ಟಿತು. ಎರಡೂ ತುದಿಗೆ ಸೊಳ್ಳೆ ಜಾಲರಿ ಹೊಡೆದ ಮೇಲೆ ನಿಂತಿದೆ. ಜಗುಲಿಯಲ್ಲಿ ಯಜಮಾನರು ದಿನಾ ಬೆಳಿಗ್ಗೆ ಪೇಪರ್ ಓದುತ್ತಾರೆ. ಯಾವ ಮಳೆಗೆ ಎಷ್ಟು ಹಲಗೆ ಎಂಬ ಬಗ್ಗೆ ಗಂಡ ಹೆಂಡತಿಗೆ ಇನ್ನೂ ಒಮ್ಮತ ಇಲ್ಲ.

ಕಪಾಟಿನ ಮೇಲಿನ ಶೆಲ್ಫುಗಳಿಗೆ ಬೂಷ್ಟು ಬರಲಿಲ್ಲ. ನೆಲಕ್ಕೆ ಹತ್ತಿರದ ಶೆಲ್ಫಿಗೆ ಬಂತು. ಒಲೆಯ ಬಿಸಿ ಅಷ್ಟು ಕೆಳಗೆ ತಲುಪುವುದಿಲ್ಲ. ಅಲ್ಲೀಗ ಸ್ಟೀಲ್ ಪಾತ್ರೆ ಇಟ್ಟಿದ್ದಾರೆ. ಅವರಿಬ್ಬರು ಬೆಂಗಳೂರಿಗೆ ಹೋದ ವಾರ ಒಲೆ ಉರಿಯಲಿಲ್ಲ, ಆ ವಾರ ಮೇಲಿನ ಶೆಲ್ಫಿಗೂ ತೇವ ಮುಟ್ಟಿತ್ತು. ಒಲೆ ಉರಿಯದ ಮನೆಗೆ ಈ ಕಪಾಟು ಆಗುವುದಿಲ್ಲ ಎಂದೇ ಲೆಕ್ಕ.

ಖರ್ಚಿನಲ್ಲಿ ಜಾಸ್ತಿ ಹೋದದ್ದು ಆಚಾರಿಯ ಕೂಲಿಗೆ. ಸಾಮಾನಿಗೆ ಕಡಿಮೆ, ಹಲಸು, ದಬ್ಬೆ ಎರಡೂ ಮನೆಯದೇ ಇತ್ತು. ಇಂಥ ಕೆಲಸದ ಲೆಕ್ಕ ಸಾಮಾನ್ಯವಾಗಿ ಹೀಗೇ ತಿರುಗುಮುರುಗು ಆಗುತ್ತದೆ. ಗುತ್ತಿಗೆ ಮಾತಾಡುವಾಗಲೇ ಇದನ್ನು ಹೇಳಿಬಿಡುವುದು ಒಳ್ಳೆಯದು.

ಈ ಮನೆಯ ಫೋಟೋ ನೋಡಿ ಸಿರ್ಸಿ ಹತ್ತಿರದ ತೋಟದ ಮನೆಯವರೊಬ್ಬರು ಅದೇ ಹಲಗೆ, ಅದೇ ಕಿಟಕಿ ಮರೆ ಬೇಕು ಎಂದು ಕೇಳಿದ್ದಾರೆ. ಹೋಗಿ ನೋಡಿ ಬಂದೆ. ಮನೆ ಕಣಿವೆಯೊಳಗೆ ಇದೆ, ಸುತ್ತ ಅಡಿಕೆ ಮರ, ಸಮುದ್ರದ ಗಾಳಿ ಅಲ್ಲಿಗೆ ಹೀಗೆ ಬಡಿಯುವುದಿಲ್ಲ. ಅವರ ತೊಂದರೆ ಎರಚಲು ಅಲ್ಲ, ಒಳಗಿನ ಕತ್ತಲೆ. ಗೊರಬಿನ ಮರೆ ಹಾಕಿದರೆ ಇರುವ ಬೆಳಕೂ ಹೋದೀತು. ಅವರ ಅಂಗಳದಲ್ಲಿ ಅಡಿಕೆ ಒಣಗಿಸುವ ಅಟ್ಟ ಇದೆ. ಮೇಲೆ ಅಡಿಕೆಗೆ ಬಿಸಿಲು, ಕೆಳಗೆ ಸುಲಿಯಲು ಕೂತವರಿಗೆ ದಬ್ಬೆಯ ಸಂದಿಯಿಂದ ಬರುವಷ್ಟೇ ಬೆಳಕು. ಎಷ್ಟು ಸಂದಿಗೆ ಎಷ್ಟು ಬೆಳಕು ಎಂಬುದನ್ನು ಅಲ್ಲಿ ಅಳೆಯಬೇಕು. ಅಳತೆ ಟೇಪು ಹಿಡಿದು ಹೋಗುವುದು ಕೊಯ್ಲಿನ ಹೊತ್ತಿಗೆ, ಅಟ್ಟದ ಮೇಲೆ ಅಡಿಕೆ ಹರಡಿದ ಮೇಲೆ.